ದಕ್ಕೆ ಸಿಗದ ಹಡಗು

ಉಡುಪಿಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಕುರ್ಲಾದಲ್ಲಿ ಇಳಿದಾಗಲೇ ರವಿಕೆ ಬೆನ್ನಿಗೆ ಅಂಟಿತ್ತು. ಮೇ ತಿಂಗಳ ಸೆಕೆ. ನಾನು ಬಂದದ್ದು ಮುಂಬಯಿ ನೋಡಲು ಅಲ್ಲ, ಗಂಡನನ್ನು ನೋಡಲು. ಮದುವೆಯಾಗಿ ಮೂರೇ ವಾರಕ್ಕೆ ದಿನೇಶ್ ಸರಕು ಹಡಗು ಹತ್ತಿದ್ದರು. ಅದಾಗಿ ವರ್ಷ ಕಳೆದಿತ್ತು. ಈಗ ಹಡಗು ಮುಂಬಯಿಗೆ ಬಂದಿತ್ತು. ಮತ್ತೆ ದೂರ ಹೋಗುವ ಮೊದಲು ಒಂದೆರಡು ಗಂಟೆ ಹೊರಗೆ ಬಿಡಬಹುದು ಎಂದಿದ್ದರು.

ಅವರ ಅಕ್ಕ ವಾರಿಜಕ್ಕನ ಮನೆ ವಡಾಲದಲ್ಲಿ. ನಾನು ಬ್ಯಾಗು ಇಡುವ ಮೊದಲೇ ದಿನೇಶರ ಫೋನು ಬಂತು. "ಬಂದರಿನ ದಕ್ಕೆಯಲ್ಲಿ ಹಡಗು ಕಟ್ಟಲು ಜಾಗ ಖಾಲಿ ಇಲ್ಲವಂತೆ. ಸಮುದ್ರದಲ್ಲೇ ಲಂಗರು ಹಾಕಿ ನಿಂತಿದ್ದೇವೆ."

ಮರುದಿನವೂ ಅದೇ ಮಾತು. ವಾರಿಜಕ್ಕ ಬಂಗುಡೆ ಸಾರು ಬಡಿಸುತ್ತಾ, "ಟೆನ್ಶನ್ ಮಾಡ್ಬೇಡ ಮಾರಾಯ್ತಿ. ದೇವರು ಕೊಡುವಾಗ ಕೊಡ್ತಾರೆ" ಎಂದರು. ಗಂಡ ಜೊತೆಗೇ ಇರುವವರಿಗೆ ಹೇಳುವುದು ಸುಲಭ ಎಂದು ನನಗೆ ಸಿಟ್ಟು ಬಂತು. ಅವರ ಮನೆಯ ದೇವರಿಗೆ ಕೈಮುಗಿದು ನಾನು ಕೇಳಿದ್ದು ಒಂದೇ: ಇವತ್ತೇ ಕೊಡು.

ಮೂರನೆಯ ದಿನ ತಡೆಯಲಾಗದೆ, ವಾರಿಜಕ್ಕನೂ ನಾನೂ ಐದು ರೂಪಾಯಿ ಟಿಕೆಟಿನಲ್ಲಿ ಲೋಕಲ್ ರೈಲು ಹಿಡಿದು ಡಾಕ್‌ಯಾರ್ಡ್ ರೋಡಿಗೆ ಹೋಗಿ, ಅಲ್ಲಿಂದ ಭಾವುಚಾ ಧಕ್ಕಾ ಎಂಬ ಮೀನಿನ ದಕ್ಕೆಗೆ ನಡೆದೆವು. ಮೀನಿನ ಬುಟ್ಟಿಗಳ ನಡುವೆ ನಿಂತು ನೋಡಿದರೆ ದೂರದ ಮಬ್ಬಿನಲ್ಲಿ ಹಡಗುಗಳ ಸಾಲು.

"ಕೆಂಪು ಬಣ್ಣದ್ದು ನಮ್ಮದು. ನಾನು ಕೈ ಬೀಸ್ತಾ ಇದ್ದೇನೆ, ಕಾಣ್ತದಾ?" ಎಂದು ದಿನೇಶ್ ಫೋನಿನಲ್ಲಿ ಕೇಳಿದರು.

ಅಲ್ಲಿ ಕೆಂಪು ಹಡಗುಗಳು ಎರಡಿದ್ದವು. "ಕಾಣ್ತದೆ" ಎಂದೆ.

ನಾಲ್ಕನೆಯ ದಿನಕ್ಕೆ ನನ್ನ ರಜೆ ಮುಗಿಯಿತು. ಮಧ್ಯಾಹ್ನ ವಾರಿಜಕ್ಕ ಕುರ್ಲಾದಲ್ಲಿ ರೈಲು ಹತ್ತಿಸಿದರು. ಕಿಟಕಿಯ ಪಕ್ಕ ಕುಳಿತು ಅತ್ತೆ. ಠಾಣೆ ಬರುವಷ್ಟರಲ್ಲಿ ಅಳುವುದಕ್ಕೂ ಸುಸ್ತಾಯಿತು. ದೇವರೇ, ನಿನಗೆ ಯಾವಾಗ ತೋರುತ್ತದೋ ಆಗ ಕೊಡು, ಅಲ್ಲಿಯ ತನಕ ಅವರನ್ನು ಕಾಪಾಡು ಎಂದುಕೊಂಡೆ. ಹಾಗೆ ಬೇಡಿಕೊಂಡದ್ದು ಅದೇ ಮೊದಲು.

ಪನ್ವೇಲ್ ಹತ್ತಿರವಾದಾಗ ಫೋನು ಹೊಡೆದುಕೊಂಡಿತು. "ಜಾಗ ಸಿಕ್ಕಿತು! ನ್ಹಾವಾ ಶೇವಾ ಬಂದರಿನಲ್ಲಿ. ನಾಳೆ ಬೆಳಿಗ್ಗೆ ಹೊರಗೆ ಬಿಡ್ತಾರೆ. ಎಲ್ಲಿದ್ದೀ?"

"ರೈಲಿನಲ್ಲಿ" ಎಂದೆ.

ಫೋನಿನ ಮಾತು ಜೋರಾಗಿದ್ದರಿಂದ ಎದುರಿನ ಸೀಟಿನ ಹೆಂಗಸು ಎಲ್ಲ ಕೇಳಿಸಿಕೊಂಡಿದ್ದರು. "ನ್ಹಾವಾ ಶೇವಾ ಮುಂಬಯಿಗಿಂತ ಪನ್ವೇಲಿಗೇ ಹತ್ತಿರ ಅಲ್ವಾ ಮಗಾ? ಇಳಿ, ಇಳಿ" ಎಂದು ನನ್ನ ಬ್ಯಾಗನ್ನು ಅವರೇ ಎಳೆದುಕೊಟ್ಟರು. ಇಳಿದೆ.

ಸುದ್ದಿ ಕೇಳಿ ವಾರಿಜಕ್ಕ ಸಂಜೆಯ ಲೋಕಲಿನಲ್ಲಿ ಪನ್ವೇಲಿಗೇ ಬಂದುಬಿಟ್ಟರು. ಅವರ ಪರಿಚಯದ ಹೋಟೆಲಿನವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಬಸ್ಸಿನಲ್ಲಿ ಬಂದರಿನ ಗೇಟಿಗೆ ಹೋದೆವು.

ಹೊರಗೆ ಬಂದ ದಿನೇಶ್ ಕಪ್ಪಾಗಿದ್ದರು, ಗಡ್ಡ ಬಿಟ್ಟಿದ್ದರು. ವಾರಿಜಕ್ಕ ತಮ್ಮನ ಕೆನ್ನೆ ಸವರಿ, "ನಾನು ಚಾ ಕುಡೀತೇನೆ, ನೀವು ಮಾತಾಡಿ" ಎಂದು ಗೇಟಿನ ಎದುರಿನ ಹೋಟೆಲಿನ ದೂರದ ಮೇಜಿಗೆ ಹೋದರು. ತಮ್ಮನನ್ನು ಅವರೂ ವರ್ಷದಿಂದ ನೋಡಿರಲಿಲ್ಲ. ಹಿಂದಿನ ದಿನಗಳ ನನ್ನ ಸಿಟ್ಟಿಗೆ ನಾಚಿಕೆಯಾಯಿತು.

ಇಡ್ಲಿ ತಣ್ಣಗಾಯಿತು. ಅವರು ನನ್ನ ಬೆರಳುಗಳನ್ನು ಹಿಡಿದುಕೊಂಡೇ ಕುಳಿತಿದ್ದರು.

"ಇನ್ನು ಯಾವಾಗ ಅಂತ ಗೊತ್ತಿಲ್ಲ" ಎಂದರು ಏಳುವಾಗ.

"ಕಾಯ್ತೇನೆ."

ಗೇಟಿನ ತನಕ ಜೊತೆಗೆ ನಡೆದೆ. ಒಳಗೆ ಕಾಲಿಟ್ಟು ತಿರುಗಿ ನೋಡಿದರು. "ಹೋಗಿ ಬನ್ನಿ" ಎನ್ನಬೇಕೆಂದಿದ್ದೆ. "ಹೋಗಿ" ಎನ್ನಲು ಮನಸ್ಸು ಒಪ್ಪಲಿಲ್ಲ. "ಬನ್ನಿ" ಎಂಬುದು ಮಾತ್ರ ಹೊರಗೆ ಬಂತು.