ಮಗಳ ಹಾಜರಿ

ನನ್ನ ಮಗಳು ದಿನಾ ಬಬಲೇಶ್ವರದಿಂದ ಬಸ್ಸು ಹಿಡಿದು ವಿಜಯಪುರದ ಸಮುದಾಯ ಕಾಲೇಜಿಗೆ ಹೋಗಿ ಮೋಟಾರ್ ವೈಂಡಿಂಗ್ ಕಲಿಯುತ್ತಿದ್ದಳು. ಶುಲ್ಕವನ್ನೂ ಬಸ್ ಪಾಸನ್ನೂ ಸರ್ಕಾರದ ಸಹಾಯಧನವೇ ನೋಡಿಕೊಳ್ಳುತ್ತಿತ್ತು. ಷರತ್ತು ಒಂದೇ: ಹಾಜರಿ ಕಡಿಮೆಯಾದರೆ ನೆರವು ನಿಲ್ಲುತ್ತದೆ. ಜ್ವರ ಬಂದು ಮಲಗಿದ್ದರಿಂದ ಅವಳ ಪಾಲಿನ ರಜೆಗಳೆಲ್ಲ ಆಗಲೇ ಮುಗಿದಿದ್ದವು.

ಇಂಥ ಸಂಕಟದ ಕಾಲದಲ್ಲಿ ತಿಕೋಟಾದವರು ಗುರುವಾರ ಹೆಣ್ಣು ನೋಡಲು ಬರುವುದಾಗಿ ಹೇಳಿ ಕಳಿಸಿದರು. ಅವಲಕ್ಕಿ ತರಲು ಹೊರಟಿದ್ದ ನಾನು ಚೀಲ ಹಿಡಿದುಕೊಂಡೇ ಮಗಳಿಗೆ ಶುಭವಾರ್ತೆಯನ್ನು ನಿವೇದಿಸಿದೆ.

"ಗುರುವಾರ ಪ್ರಾಕ್ಟಿಕಲ್ ಐತಿ ಅಪ್ಪಾ. ರವಿವಾರ ಬರ್ರಿ ಅಂತ ಹೇಳು."

"ಹುಡುಗ ಕೈತಪ್ಪಿದರ?"

"ಹುಡುಗ ರವಿವಾರನೂ ಇರ್ತಾನ. ಸಹಾಯಧನ ಇರಂಗಿಲ್ಲ."

ಈ ವಾದದಲ್ಲಿ ಲೋಪ ಹುಡುಕಿದೆ, ಸಿಗಲಿಲ್ಲ. ತಿಕೋಟಾಕ್ಕೆ ಫೋನ್ ಹಚ್ಚಿದೆ. ಆ ಕಡೆಯ ಹಿರಿಯರು, "ಹೆಣ್ಣಿನ ಕಡೆಯವರು ನಮಗ ದಿನ ಗೊತ್ತು ಮಾಡಿದ್ದು ಇದ ಮೊದಲ ನೋಡ್ರಿ" ಎಂದರು.

ಆದರೂ ರವಿವಾರ ಬಂದರು. ಹುಡುಗನ ತಾಯಿ ಅಡುಗೆಯ ವಿಷಯವನ್ನೇ ಎತ್ತಲಿಲ್ಲ. "ಯವ್ವಾ, ನಮ್ಮ ಸಣ್ಣ ಮಗಳು ಮನ್ಯಾಗ ಕುಂತಾಳ. ಆಕಿಗೂ ಆ ಸಹಾಯ ಸಿಗತೈತೇನು?" ಎಂದು ಕೇಳಿದರು. ಮಗಳು ಅವರ ಪಕ್ಕದಲ್ಲೇ ಕೂತು ಅರ್ಜಿ ಹಾಕುವ ಕ್ರಮವನ್ನು ಸಾವಕಾಶವಾಗಿ ವಿವರಿಸತೊಡಗಿದಳು. ಮದುವೆಯ ಮಾತು ಬರುವುದನ್ನು ಕಾಯುತ್ತ ನಾನೂ ವರನೂ ಎರಡನೇ ಸಲ ಚಹಾ ಕುಡಿದೆವು. ಮಗಳ ವಿವರಣೆ ಕೇಳುತ್ತ ಎದೆಯುಬ್ಬಿ ನನ್ನ ಅಂಗಿ ಸ್ವಲ್ಪ ಬಿಗಿಯಾಗಿತ್ತು.

ಕೋರ್ಸು ಮುಗಿದ ಮೇಲೆಯೇ ಮದುವೆ ಎಂದು ನಿಶ್ಚಯವಾಯಿತು. ಅದೂ ರವಿವಾರ.