ಬಲಗೆನ್ನೆಯ ಕಲೆ

ಹಲಸೂರಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಾನು ಹಲವು ವರ್ಷ ಫೋಟೋ ಸ್ಟುಡಿಯೋ ನಡೆಸಿದೆ. ಮೆಟ್ಟಿಲು ಹತ್ತಿ ಬರುತ್ತಿದ್ದವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಪಾಸ್‌ಪೋರ್ಟ್ ಅಳತೆಯ ಫೋಟೋ. ಅದರಲ್ಲಿ ಮುಖ ಇದ್ದರೆ ಸಾಕು, ಮುಖದ ಮೇಲೆ ಏನೂ ಇರಬಾರದು. ನಗಬೇಡಿ, ಗದ್ದ ಸ್ವಲ್ಪ ಕೆಳಗೆ, ಆಯ್ತು ಏಳಿ. ದಿನಕ್ಕೆ ಇಪ್ಪತ್ತು ಸಲ ಇದನ್ನೇ ಹೇಳಿ, ಮನೆಗೆ ಹೋದ ಮೇಲೂ ನಾನು ಮಕ್ಕಳನ್ನು ಅದೇ ದನಿಯಲ್ಲಿ ಮಾತಾಡಿಸುತ್ತೇನೆಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಕೆಲಸ ಕಲಿತದ್ದು ಶಿವಾಜಿನಗರದಲ್ಲಿ, ವಯಸ್ಸಾದ ಒಬ್ಬ ಉಸ್ತಾದರ ಹತ್ತಿರ. ಅವರು ಕ್ಯಾಮೆರಾ ಮುಟ್ಟುವ ಮೊದಲು ಎದುರು ಕೂತವರನ್ನು ಒಂದು ಮಾತು ಕೇಳುತ್ತಿದ್ದರು: "ಇದು ಯಾರು ನೋಡೋಕೆ?" ಉತ್ತರ ಬಂದ ಮೇಲೆಯೇ ದೀಪ ಎಲ್ಲಿಡಬೇಕೆಂದು ನಿರ್ಧಾರ. ಬ್ಯಾಂಕಿನವರು ನೋಡುವುದಕ್ಕೆ ಒಂದು ಬೆಳಕು, ಬೀಗರಾಗುವವರು ನೋಡುವುದಕ್ಕೆ ಇನ್ನೊಂದು. ನಾನೂ ಅದನ್ನೇ ಅಭ್ಯಾಸ ಮಾಡಿಕೊಂಡೆ. ಭಾವ ತಾನಾಗಿ ಬರುವುದಿಲ್ಲ, ಅದನ್ನು ತರಿಸುವುದು ನಮ್ಮ ಕೆಲಸದ ಭಾಗ ಎಂಬ ನಂಬಿಕೆ ನನಗೆ ಆಗ ಇತ್ತು.

ತೊಂಬತ್ತರ ದಶಕದ ಆರಂಭದ ಒಂದು ಭಾನುವಾರ ಅಕ್ಕ-ತಮ್ಮ ಇಬ್ಬರು ಬಂದರು. ರಾಯಚೂರಿನ ಕಡೆಯವರು. ಅಕ್ಕನ ಗಂಡನೂ ಸೇರಿ ಮೂವರಿಗೆ ಕೃಷ್ಣರಾಜಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಕ್ಕ ಒಂದು ಕಚೇರಿಯಲ್ಲಿ ಗುಮಾಸ್ತೆ. ತಮ್ಮನಿಗೆ ಮೂವತ್ತರ ಹತ್ತಿರ, ನನ್ನ ಸ್ಟುಡಿಯೋದಿಂದ ಎರಡು ಬೀದಿ ಆಚೆ ಒಂದು ಟೈಲರ್ ಅಂಗಡಿಯಲ್ಲಿ ಹೊಲಿಗೆ ಕೆಲಸ.

"ಹೆಣ್ಣಿನ ಕಡಿಯವರಿಗೆ ಕಳಿಸಾಕ ಒಂದು ಫೋಟೋ ಬೇಕಾಗೇತ್ರಿ," ಎಂದರು ಅಕ್ಕ. "ಇವನಿಗೆ ಮಾತು ಬರಂಗಿಲ್ಲ, ಕಿವೀನೂ ಕೇಳಂಗಿಲ್ರಿ. ಅದನ್ನ ಅವರಿಗೆ ಮೊದಲೇ ಹೇಳೀವಿ. ಇದೊಂದು ಮಾತ್ರ ಕಾಣದಂಗ ಮಾಡ್ರಿ."

ಅವರು ತೋರಿಸಿದ್ದು ತಮ್ಮನ ಬಲಗೆನ್ನೆಯನ್ನು. ಕಿವಿಯ ಬುಡದಿಂದ ಗದ್ದದವರೆಗೆ ಗಾಯದ ಕಲೆಯೊಂದು ಇಳಿದಿತ್ತು. ಚಿಕ್ಕವನಿದ್ದಾಗ ಕುಡುಗೋಲಿನ ಮೇಲೆ ಬಿದ್ದದ್ದಂತೆ.

ಅವನನ್ನು ಸ್ಟೂಲಿನ ಮೇಲೆ ಕೂರಿಸಿದೆ. ಮುಖ ಬಿಗಿದುಕೊಂಡಿತ್ತು. ಅಂಥ ಮುಖಗಳಿಗೆ ನನ್ನ ಉಪಾಯವೆಂದರೆ ಮಾತು. ಊರು ಯಾವುದು, ಬಸ್ಸು ಸಿಕ್ಕಿತಾ ಎಂದು ಏನಾದರೂ ಕೇಳುವುದು, ಅವರು ಉತ್ತರ ಹೇಳಿ ಮುಗಿಸಿ ಮುಖ ಸಡಿಲವಾಗುವ ಗಳಿಗೆಯಲ್ಲಿ ಗುಂಡಿ ಒತ್ತುವುದು. ಇಲ್ಲಿ ಅದು ನಡೆಯುವಂತಿರಲಿಲ್ಲ. ಒಂದು ಫ್ರೇಮ್ ತೆಗೆದೆ, ಕಣ್ಣು ಮುಚ್ಚಿಬಿಟ್ಟ. ಆಗ ಅಕ್ಕ ನನ್ನ ಪಕ್ಕಕ್ಕೆ ಬಂದು ನಿಂತು ಗಾಳಿಯಲ್ಲಿ ಎರಡೂ ಕೈಯಿಂದ ಏನೋ ತಟ್ಟಿದರು, ನಂತರ ಸೆರಗಿನಿಂದ ಮೂಗು ಒರೆಸಿಕೊಂಡರು. ತಮ್ಮನ ಮುಖ ಒಮ್ಮೆಲೇ ತೆರೆದುಕೊಂಡಿತು. ಹಲ್ಲು ಕಾಣದ, ಕಣ್ಣಿನಲ್ಲೇ ತುಂಬಿದ ನಗು. ಗುಂಡಿ ಒತ್ತಿದೆ.

"ಏನು ಮಾಡಿ ತೋರಿಸಿದ್ರಿ?" ಎಂದು ಕೇಳಿದೆ.

"ನಮ್ಮವ್ವ ರೊಟ್ಟಿ ಬಡಿಯೋದ್ರಿ. ಹೊಗಿಗೆ ಅಕೀ ಮೂಗು ಸುರಿಯೋದೂ ಸೇರಿಸಿ."

ಕಲರ್ ಬಂದು ಬಹಳ ಕಾಲವಾಗಿದ್ದರೂ ಆಗ ನಾನು ಇಂಥ ಫೋಟೋಗಳನ್ನು ಕಪ್ಪು-ಬಿಳುಪಿನಲ್ಲೇ ತೆಗೆಯುತ್ತಿದ್ದೆ, ತಿದ್ದುವುದು ಸುಲಭವೆಂದು. ನೆಗೆಟಿವ್ ಮೇಲೆ ತೆಳುವಾಗಿ ವಾರ್ನಿಷ್ ಸವರಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕೆ ಇಡುತ್ತ ಹೋಗಬೇಕು. ಪೆನ್ಸಿಲ್ ತುಂಬಿದ ಕಡೆ ಪ್ರಿಂಟಿನಲ್ಲಿ ನೆರಳು ತಿಳಿಯಾಗುತ್ತದೆ. ಆ ಕಲೆಗಾಗಿ ಕಿಟಕಿಯ ಬಳಿ ಎರಡು ಮಧ್ಯಾಹ್ನ ಕೂತೆ. ಪ್ರಿಂಟ್ ತೆಗೆದಾಗ ಕೆನ್ನೆಯ ಮೇಲೆ ಕಲೆಯೂ ಇರಲಿಲ್ಲ, ಕಲೆ ತೆಗೆದ ಸುಳಿವೂ ಇರಲಿಲ್ಲ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ತಿದ್ದುವ ಕೆಲಸ ಮುಂದೆಂದೂ ಆಗಲಿಲ್ಲ. ಅವರ ಒಪ್ಪಿಗೆ ಕೇಳಿ ಒಂದು ಪ್ರತಿಯನ್ನು ಕೆಳಗಿನ ಶೋಕೇಸಿನಲ್ಲಿಟ್ಟೆ. ತಮ್ಮ ತನ್ನ ಪ್ರತಿಯನ್ನು ಬಹಳ ಹೊತ್ತು ನೋಡಿ, ಒಮ್ಮೆ ಕೆನ್ನೆ ಮುಟ್ಟಿಕೊಂಡು, ಚೀಲದೊಳಗೆ ಇಟ್ಟುಕೊಂಡ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ನಾನಿನ್ನೂ ಬಾಗಿಲು ತೆರೆಯುತ್ತಿದ್ದಾಗ, ಅಕ್ಕ ಒಬ್ಬರೇ ಬಂದು ನಿಂತಿದ್ದರು. ತಮ್ಮ ಕಾಣೆಯಾಗಿ ಐದು ದಿನವಾಗಿತ್ತು. ಊರಿಗೆಂದು ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋದವನು ಊರು ತಲುಪಿರಲಿಲ್ಲ. ಮೊದಲು ಎರಡು ಸಲ ಒಬ್ಬನೇ ಹೋಗಿಬಂದಿದ್ದನಾದ್ದರಿಂದ ಇವರು ಜೊತೆಗೆ ಹೋಗಿರಲಿಲ್ಲ. ಪೊಲೀಸರಿಗೆ ದೂರು ಕೊಡುವಾಗ ಕಾನ್‌ಸ್ಟೇಬಲ್ ಫೋಟೋ ಕೇಳಿದ್ದ. ಮನೆಯಲ್ಲಿದ್ದದ್ದು ನಾನು ತೆಗೆದದ್ದೊಂದೇ.

"ಗುರುತು ಏನಾದ್ರೂ ಇದೆಯೇನಮ್ಮ ಅಂದ. ಬಲಗೆನ್ನಿ ಮ್ಯಾಲೆ ಕಲೆ ಐತ್ರಿ ಅಂದೆ. ಫೋಟೋ ನೋಡಿ, ಇದ್ರಲ್ಲಿ ಎಲ್ಲಿದೆ ಅಂದ. ಬೇರೆ ಫೋಟೋ ತನ್ನಿ ಅಂದ." ಆಮೇಲೆ ಕೇಳಿದರು: "ಕಲೆ ಇರೋದು ಒಂದು ಸಿಗತೈತೇನ್ರಿ ಸರ್?"

ಅವರು ನನ್ನನ್ನು ಬೈಯಲಿಲ್ಲ. ಕಲೆ ತೆಗೆಯಲು ಹೇಳಿದ್ದು ಅವರೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಳೆಯ ಲಕೋಟೆಯಿಂದ ನೆಗೆಟಿವ್ ತೆಗೆದೆ. ಇದ್ದದ್ದು ಎರಡೇ ಫ್ರೇಮ್, ಒಂದರಲ್ಲಿ ಕಣ್ಣು ಮುಚ್ಚಿತ್ತು. ತಿದ್ದಿದ ಫ್ರೇಮನ್ನೇ ಒರೆಸಬೇಕಿತ್ತು. ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಕೈಯಲ್ಲಿ ಹಿಡಿದು ಒಂದು ಕ್ಷಣ ತಡೆದೆ ಎಂಬುದನ್ನು ಇಲ್ಲಿ ಹೇಳಬೇಕು. ತಡೆದದ್ದು ಕಾಣೆಯಾದವನಿಗಾಗಿ ಅಲ್ಲ, ನನ್ನ ಕೆಲಸಕ್ಕಾಗಿ. ನಂತರ ಒರೆಸಿದೆ. ಎರಡು ಮಧ್ಯಾಹ್ನದ ಕೆಲಸ ಹತ್ತಿಗೆ ಬೂದು ಬಣ್ಣವಾಗಿ ಹತ್ತಿಕೊಂಡಿತು.

ಡಾರ್ಕ್‌ರೂಮಿನಲ್ಲಿ ಇನ್ನೊಂದು ತೊಡಕು ಕಂಡಿತು. ಟ್ರೇಯಲ್ಲಿ ಮೂಡಿದ ಮುಖದಲ್ಲಿ ಕಲೆ ಇತ್ತು, ಆದರೆ ಅವನು ನಗುತ್ತಿದ್ದ. ದಾರಿ ತಪ್ಪಿದವನು ಯಾರ ಎದುರೂ ಹಾಗೆ ನಕ್ಕಿರಲಾರ. ಆ ನಗುವನ್ನು ನೋಡಿದವರು ಅವನ ಅಮ್ಮ, ಅಕ್ಕ, ಬಿಟ್ಟರೆ ನಾನು. ಸ್ಟೇಷನ್ನಿನಲ್ಲಿ ಅವನನ್ನು ಕಂಡಿರಬಹುದಾದವರು ಕಂಡದ್ದು ಸ್ಟೂಲಿನ ಮೇಲೆ ಬಿಗಿದುಕೊಂಡು ಕೂತಿದ್ದ ಮುಖವನ್ನು. ನಾನು ಚೆನ್ನಾಗಿಲ್ಲವೆಂದು ಬದಿಗಿಟ್ಟ ಫ್ರೇಮೇ ಈಗ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು, ಕಣ್ಣು ತೆರೆದಿದ್ದರೆ. ಕೊನೆಗೆ ನಗುವ ಮುಖವನ್ನೇ ದೊಡ್ಡದು ಮಾಡಿ, ಕೆನ್ನೆಯ ಭಾಗ ಗಾಢವಾಗಿ ಬರುವಂತೆ ಮೂವತ್ತು ಪ್ರತಿ ಮಾಡಿದೆ. ಫೋಟೋ ಚೆನ್ನಾಗಿರಲಿಲ್ಲ. ಕಲೆ ಮಾತ್ರ ದೂರದಿಂದಲೂ ಕಾಣುತ್ತಿತ್ತು.

ಪ್ರತಿಗಳು ಒಣಗಿದ ಮೇಲೆ ನಾನೂ ಅವರ ಜೊತೆ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಕೂಲಿ ಬೀಡಿ ಸೇದುತ್ತ ಕೂತಿದ್ದ. ಅಕ್ಕ ಗಾಬರಿಯಲ್ಲಿ ಪರ್ಸಿನಿಂದ ಹಳೆಯ ಫೋಟೋವನ್ನೇ ತೆಗೆದು ತೋರಿಸಿದರು.

"ಇಲ್ಲಮ್ಮ, ನೋಡಿಲ್ಲ," ಎಂದ.

ನಾನು ಹೊಸದನ್ನು ಮುಂದೆ ಹಿಡಿದೆ. ಅವನು ಬೀಡಿ ಕೆಳಗೆ ಹಾಕಿದ.

"ಇವ್ರಾ? ಇವ್ರನ್ನ ನೋಡಿದೀನಿ. ಮದ್ರಾಸ್ ಗಾಡಿ ಹತ್ತಿದ್ರು. ಹತ್ತೋವಾಗ ಚೀಲ ಕೆಳಗೆ ಬಿತ್ತು. ಸಾರ್ ಸಾರ್ ಅಂತ ಎಷ್ಟು ಕೂಗ್ದೆ, ತಿರುಗೇ ನೋಡ್ಲಿಲ್ಲ. ಏನ್ ತಿಮಿರು ಅಂದ್ಕೊಂಡೆ. ಚೀಲ ಒಳಗೆ ಆಫೀಸಲ್ಲಿ ಕೊಟ್ಟಿದೀನಿ."

"ಅವನಿಗೆ ಕಿವಿ ಕೇಳಂಗಿಲ್ರಿ," ಎಂದರು ಅಕ್ಕ.

ಕೂಲಿ ಎದ್ದು ನಮ್ಮನ್ನು ಆಫೀಸಿನವರೆಗೆ ಕರೆದುಕೊಂಡು ಹೋದ. ಚೀಲದಲ್ಲಿ ಬಟ್ಟೆ, ಟಿಕೆಟ್, ಮನೆಯ ವಿಳಾಸ ಬರೆದ ಚೀಟಿ ಎಲ್ಲ ಇದ್ದವು. ಅಂದು ಊರಿನ ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬಂದಿತ್ತು. ಮೈಕಿನಲ್ಲಿ ಅದನ್ನು ಕೂಗಿದ್ದರು. ಓದು-ಬರಹ ಬಾರದ ಅವನು ಯಾವಾಗಲೂ ನಿಲ್ಲುವ ಕಡೆ ನಿಂತು, ಬಂದ ಗಾಡಿ ಹತ್ತಿದ್ದ.

ಅಕ್ಕ ಮತ್ತು ಅವರ ಗಂಡ ಆ ಪ್ರತಿಗಳನ್ನು ತೆಗೆದುಕೊಂಡು ಮದ್ರಾಸಿನ ದಾರಿಯ ಒಂದೊಂದೇ ಸ್ಟೇಷನ್ನಿನಲ್ಲಿ ಇಳಿದು ಕೇಳುತ್ತ ಹೋದರು. ಮೂರನೆಯ ದಿನ ಜೋಲಾರ್‌ಪೇಟೆಯಲ್ಲಿ ಸಿಕ್ಕ. ಟಿಕೆಟ್ ಇಲ್ಲವೆಂದು ಅಲ್ಲಿ ಇಳಿಸಿದ್ದರು. ಜ್ವರ ಬಂದು ಸ್ಟೇಷನ್ ಎದುರಿನ ಒಂದು ಟೈಲರ್ ಅಂಗಡಿಯ ಜಗಲಿಯಲ್ಲಿ ಮಲಗಿದ್ದನಂತೆ. ಅಂಗಡಿಯವರು ಗಂಜಿ ಕೊಟ್ಟು ನೋಡಿಕೊಂಡಿದ್ದರು. ಇವರು ಹೋದಾಗ ಅವನು ಮಿಷನ್ನಿನ ಮುಂದೆ ಕೂತು ಒಂದು ರವಿಕೆಗೆ ತೋಳು ಕೂಡಿಸುತ್ತಿದ್ದ. ಇನ್ನು ನಾಲ್ಕು ದಿನ ಅಲ್ಲೇ ಹೊಲಿದು ತಾನೇ ವಾಪಸು ಹೊರಡುವುದೆಂದು ಯೋಚಿಸಿದ್ದನಂತೆ. ಅಂದರೆ ನನ್ನ ಫೋಟೋದಿಂದ ಆದದ್ದು ಇಷ್ಟೇ: ಅವನು ನಾಲ್ಕು ದಿನ ಮೊದಲು ಮನೆಗೆ ಬಂದ. ಆ ನಾಲ್ಕು ದಿನ ಅಕ್ಕನಿಗೆ ಎಷ್ಟು ಉದ್ದವಾಗುತ್ತಿತ್ತೆಂದು ಹೇಳಲು ನಾನು ಯಾರೂ ಅಲ್ಲ.

ಶೋಕೇಸಿನಿಂದ ಆ ಫೋಟೋವನ್ನು ನಾನು ತೆಗೆದುಬಿಟ್ಟಿದ್ದೆ. ಇನ್ನು ಮೇಲೆ ಯಾರ ಮುಖವನ್ನೂ ತಿದ್ದುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಎರಡು ವಾರದ ನಂತರ ಅಕ್ಕ-ತಮ್ಮ ಸ್ಟುಡಿಯೋಗೆ ಬಂದರು. ಅವನು ಸ್ವಲ್ಪ ಇಳಿದುಹೋಗಿದ್ದ. ಮೇಜಿನ ಮೇಲೆ ಹೊಸ ಪ್ರತಿಯೊಂದು ಉಳಿದಿತ್ತು. ಅದನ್ನು ಎತ್ತಿ ನೋಡಿ ಕೆಳಗಿಟ್ಟ. ಕೆಳಗಿನ ಶೋಕೇಸ್ ಇರುವ ಕಡೆ ಬೆರಳು ಮಾಡಿ, ಅಲ್ಲಿದ್ದದ್ದು ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದ. ಡ್ರಾಯರಿನಿಂದ ತೆಗೆದುಕೊಟ್ಟೆ. ಎದೆಗೆ ಒತ್ತಿಕೊಂಡು ಅಕ್ಕನಿಗೆ ಏನೋ ಹೇಳಿದ.

"ಇಂಥವೇ ಇನ್ನೆರಡು ಮಾಡಿಕೊಡ್ರಿ ಅಂತಾನ."

"ಕಲೆ ಇರೋದು ಬೇಡ್ವಂತಾ?" ಎಂದು ಕೇಳಿದೆ. ಕಲೆ ಇರುವುದೇ ನಿಜವಾದ ಫೋಟೋ ಎಂದೂ ಹೇಳಿದೆ.

ಅಕ್ಕ ಅದನ್ನು ಕೈಯಲ್ಲಿ ತಿಳಿಸಿದರು. ಅವನು ಮೊದಲು ಮೇಜಿನ ಮೇಲಿನದನ್ನು, ನಂತರ ಕೈಯಲ್ಲಿದ್ದದ್ದನ್ನು ತೋರಿಸಿ ನಿಧಾನವಾಗಿ ಉತ್ತರ ಕೊಟ್ಟ.

"ಅದು ಹುಡುಕಾಕ ಮಾಡಿದ್ದಂತ. ಇದು ತನಗಂತ," ಎಂದರು ಅಕ್ಕ.

ನೆಗೆಟಿವ್ ಒರೆಸಿಯಾಗಿತ್ತು. ಮತ್ತೆ ವಾರ್ನಿಷ್ ಸವರಿ ಮೊದಲಿನಿಂದ ಶುರು ಮಾಡಿದೆ. ಈ ಸಲ ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ, ಕಿವಿಯ ಹತ್ತಿರ ಗೆರೆಯ ತುದಿ ಕಾಣುತ್ತಿತ್ತು. ಅವನು ಅದನ್ನು ಬೆರಳಿನಿಂದ ತೋರಿಸಿದ. ಇನ್ನೊಂದು ಮಧ್ಯಾಹ್ನ ಕೂತೆ. ಆ ಹೊತ್ತು ನನಗೆ ಸ್ವಲ್ಪ ಬೇಸರವಾಗಿತ್ತು, ನಿಜ ಹೇಳುವುದಾದರೆ ಅವನ ಮೇಲೆಯೇ. ನಾನು ಕಷ್ಟಪಟ್ಟು ಕಲಿತೆನೆಂದುಕೊಂಡ ಪಾಠವನ್ನು ಅವನು ಬೇಡವೆಂದಿದ್ದ.

ಮರುವರ್ಷ ಅವನ ಮದುವೆಯಾಯಿತು. ಹೆಣ್ಣಿನವರು ಬಂದು ಅವನನ್ನು ಎದುರಿಗೇ ನೋಡಿ ಒಪ್ಪಿದರೆಂದು ಅಕ್ಕ ಲಗ್ನಪತ್ರಿಕೆ ಕೊಡುವಾಗ ಹೇಳಿದರು. ಕೆನ್ನೆಯ ವಿಷಯ ಯಾರೂ ಎತ್ತಲಿಲ್ಲವಂತೆ. ಮದುವೆ ಊರಿನಲ್ಲಿ. ನಾನು ಹೋಗಲಾಗಲಿಲ್ಲ.

ಎರಡು ಸಾವಿರದ ಇಸವಿಯ ನಂತರ ನನ್ನ ಸ್ಟುಡಿಯೋ ಇದ್ದ ಕಟ್ಟಡ ಕೆಡವಿದರು. ನಾನು ಇಂದಿರಾನಗರದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿಕೊಂಡೆ. ಅಲ್ಲಿ ಎಲ್ಲ ಕಂಪ್ಯೂಟರ್. ಅಂಥ ಕಲೆ ಮುಚ್ಚಲು ಎರಡು ನಿಮಿಷ ಸಾಕು. ದೊಮ್ಮಲೂರಿನ ಆಫೀಸುಗಳಿಂದ ಬರುವ ಹುಡುಗ-ಹುಡುಗಿಯರಿಗೆ ಯಾವ ಭಾವ ಬೇಕೆಂದು ಮೊದಲೇ ಗೊತ್ತಿರುತ್ತದೆ. "ಸರ್, ಕಾನ್ಫಿಡೆಂಟ್ ಆಗಿ ಕಾಣ್ಬೇಕು, ಆದ್ರೆ ಫ್ರೆಂಡ್ಲಿ ಆಗೂ ಇರ್ಬೇಕು," ಎಂದಳು ಒಬ್ಬಳು. ಮೂಗಿನ ಪಕ್ಕದ ಮಚ್ಚೆಯನ್ನು ಏನು ಮಾಡಲಿ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, ಆಫೀಸಿಗೆ ತೆಗೆದುಬಿಡಿ, ಮನೆಗೆ ಒಂದು ಇರುವ ಹಾಗೇ ಕೊಡಿ ಎಂದಳು. ಎರಡನ್ನೂ ಮಾಡಿಕೊಟ್ಟೆ.