ಸುಡುಗಾಡಿನ ಕರಡ

ಧಾರವಾಡದ ಟಾಂಗಾ ಕುದುರೆಗಳಿಗೆ ಹುಲ್ಲು ಹೊರುತ್ತಿದ್ದ ಹೆಂಗಸರಲ್ಲಿ ಸಾವಕ್ಕನ ಹೊರೆಗೆ ಬೇರೆಯೇ ಮರ್ಯಾದೆ ಇತ್ತು. ಉಳಿದವರ ಹೊರೆಯಲ್ಲಿ ಒಂದೆರಡು ಜಾತಿಯ ಹುಲ್ಲಿದ್ದರೆ ಅವಳದರಲ್ಲಿ ಹತ್ತು ಹನ್ನೆರಡು ಇರುತ್ತಿದ್ದವು. ಕರಡ, ಹಂಚಿ, ಕರಿಕಿ, ನಡುವೆ ನಿಂಬೆಯ ವಾಸನೆ ಬರುವ ಹುಲ್ಲಿನ ನಾಲ್ಕು ಎಳೆ. ಸ್ಟೇಷನ್ನಿನ ಬಳಿ ಗಂಡನ ಟಾಂಗಾ ನೋಡಿಕೊಳ್ಳುತ್ತಿದ್ದ ಲಾಲಬಿ, "ನೀ ಒಂದಿನ ಬರಲಿಲ್ಲಂದ್ರ ನಮ್ಮ ಕುದರಿ ಗೋಡಿ ಕಡೆ ಮಾರಿ ಮಾಡಿ ನಿಂದರತೈತಿ ನೋಡವಾ" ಎನ್ನುತ್ತಿದ್ದಳು.

ಈ ಹುಲ್ಲೆಲ್ಲ ಬರುತ್ತಿದ್ದುದು ಊರ ಹೊರಗಿನ ಗಾಯರಾಣದಿಂದ. ರಾಯಾಪುರದ ಕಡೆಗೆ ರೈಲು ಹಳಿಯ ಪಕ್ಕಕ್ಕೆ ಇಳಿಜಾರಾಗಿ ಹಬ್ಬಿದ್ದ, ಯಾರೂ ನೇಗಿಲು ಹೂಡದ, ದನ ಮೇಯುವ ಬಯಲು ಅದು. ಸಾವಕ್ಕನ ಕೇರಿ ಆ ಬಯಲಿನ ಅಂಚಿಗೇ ಇತ್ತು. ಹದಿನಾಲ್ಕಕ್ಕೆ ಸೊಸೆಯಾಗಿ ಬಂದವಳ ಕೈಗೆ ಕುಡುಗೋಲು ಕೊಟ್ಟವಳು ಅತ್ತೆ ಅಕ್ಕವ್ವ. ಅಕ್ಕವ್ವ ಎದೆರೋಗದವಳು. ಹುಲ್ಲು ಕೊಯ್ಯುವಾಗ ನಾಲ್ಕು ಹಿಡಿಗೊಮ್ಮೆ ಒಣ ಕೆಮ್ಮು ಕೆಮ್ಮುತ್ತಿದ್ದಳು. "ಕಣ್ಣು ಮುಚ್ಚಿ ಹಿಡದು ನೋಡ. ಯಾವ ಹುಲ್ಲು ಹೇಳು" ಎಂದು ಕೇಳುವುದು, ತಪ್ಪು ಹೇಳಿದರೆ ಅದೇ ಹುಲ್ಲಿನಿಂದ ಮೊಣಕಾಲಿಗೆ ಹೊಡೆಯುವುದು ಅವಳ ಪಾಠ. ಸಾವಕ್ಕನ ಮಗ ಗಿರಿಯಪ್ಪ ತೊಟ್ಟಿಲಲ್ಲಿದ್ದಾಗಲೇ ಆಕೆ ತೀರಿಕೊಂಡಳು.

ಆ ಪಾಠ ಮುಂದೆ ಕೆಲಸಕ್ಕೆ ಬಂತು. ಅರವತ್ತೆರಡನೇ ಇಸವಿಯ ಹೊತ್ತಿಗೆ ಸಾವಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗಿರಿಯಪ್ಪ ಆಗ ಹುಬ್ಬಳ್ಳಿಯ ಒಂದು ಸಾಲಿಯಲ್ಲಿ ಮಾಸ್ತರನಾಗಿದ್ದ. ಆಸ್ಪತ್ರೆಗೆ ನಡಿ ಎಂದು ಅವನು ಎಷ್ಟು ಹೇಳಿದರೂ, ಕಣ್ಣಿಗೆ ಕಬ್ಬಿಣ ತಾಗಿಸಿಕೊಳ್ಳಲು ಅವಳು ಒಪ್ಪಲಿಲ್ಲ. ಬಿಸಿಲು ಯಾವುದು, ನೆರಳು ಯಾವುದು ಎಂಬಷ್ಟು ತಿಳಿಯುತ್ತಿತ್ತು. ಅಷ್ಟರಲ್ಲೇ ಅವಳು ಗಾಯರಾಣಕ್ಕೆ ಹೋಗಿ ಹೊರೆ ಕಟ್ಟಿಕೊಂಡು ಬರುತ್ತಿದ್ದಳು. ಹಿಮ್ಮಡಿಗೆ ಕರಡ ಚುಚ್ಚಿದರೆ ಬಾವಿಯ ದಿಬ್ಬ. ಮೊಣಕಾಲಿಗೆ ಹಂಚಿ ಸವರಿದರೆ ಇಳಿಜಾರು. ನಿಂಬೆಯ ವಾಸನೆ ಬಂದರೆ ದೊಡ್ಡ ಬಂಡೆ. ಜೇಕಿನ ಹುಲ್ಲು ಕಾಲಿಗೆ ತಣ್ಣಗೆ ಹತ್ತಿದರೆ ಹಳ್ಳ, ಅಲ್ಲಿಂದ ಎಡಕ್ಕೆ ಹೊರಳಿದರೆ ಮನೆ.

ಅರವತ್ತೈದರ ಮಳೆಗಾಲದಲ್ಲಿ ಸೊಸೆ ಶೇವಂತೆವ್ವ ಹಳಿಯ ಗುಂಟ ಒಂದು ಹೊಸ ಗಿಡ ಕಂಡಳು. "ಗಜ್ಜರಿ ತಪ್ಪಲದಂಗ ಎಲಿ ಅದಾವರಿ ಅತ್ತಿ. ಮ್ಯಾಲ ಅಕ್ಕಿ ನುಚ್ಚು ಚೆಲ್ಲಿದಂಗ ಬಿಳೇ ಹೂವು" ಎಂದಳು. ಹಡಗಿನಲ್ಲಿ ಬಂದ ಪರದೇಶದ ಗೋಧಿಯ ಜತೆ ಬಂದದ್ದು ಎಂದು ಕೇರಿಯವರು ಆಡಿಕೊಂಡರು. ಸಾವಕ್ಕ ಒಂದು ಎಲೆ ಹರಿದು ಉಜ್ಜಿ ಮೂಸಿದಳು. ಅವಳ ಮೂಗಿಗೆ ಗೊತ್ತಿದ್ದ ಯಾವ ವಾಸನೆಗೂ ಅದು ಸೇರಲಿಲ್ಲ. ಲಾಲಬಿಯ ಕುದುರೆ ಅದನ್ನು ಮೂಸಿ ಹಿಂದಕ್ಕೆ ಸರಿಯಿತು. ಮರುವರ್ಷ ಆ ಗಿಡ ಬಾವಿಯ ದಿಬ್ಬ ಹತ್ತಿತು. ಅದರ ಮರುವರ್ಷ ಹಳ್ಳ ದಾಟಿತು. ಎಲ್ಲಿ ಅದು ನಿಂತಿತೋ ಅಲ್ಲಿ ತುಂಬಿ ಸೊಪ್ಪಿಲ್ಲ, ಅಣ್ಣಿ ಸೊಪ್ಪಿಲ್ಲ, ಕರಿಕಿಯೂ ಇಲ್ಲ. ಪುರಲಿ ಹಕ್ಕಿಗಳ ಸದ್ದು ಅಡಗಿತು. ಕೊನೆಗೆ ಕೀಟಗಳದೂ.

ಅರವತ್ತೆಂಟರ ಕಾರ್ತಿಕ ಮಾಸ, ಮಟಮಟ ಮಧ್ಯಾಹ್ನ. ಸಾವಕ್ಕ ಇಳಿಜಾರಿನಲ್ಲಿ ಹುಲ್ಲು ಹುಡುಕುತ್ತಿದ್ದಳು. ಹೊರೆ ಅರ್ಧವೂ ಆಗಿರಲಿಲ್ಲ. ಮನೆಗೆ ಹೋಗೋಣವೆಂದು ತಿರುಗಿದಳು. ಕಾಲಿಗೆ ಆ ಬಿಳಿ ಹೂವಿನ ಗಿಡ ತಾಗಿತು. ಹತ್ತು ಹೆಜ್ಜೆ ನಡೆದಳು, ಅದೇ ಗಿಡ. ಎಡಕ್ಕೆ ಹೋದಳು, ಅದೇ ಎತ್ತರ, ಅದೇ ಒರಟು, ಅದೇ ಕಹಿ ವಾಸನೆ. ನಿಂತು ಮೂಗು ಎತ್ತಿದಳು. ನಿಂಬೆಯ ವಾಸನೆ ಎಲ್ಲಿಂದಲೂ ಬರಲಿಲ್ಲ. ಮೂವತ್ತೈದು ವರ್ಷ ತುಳಿದ ನೆಲ ಅವಳ ಕಾಲಡಿಯಲ್ಲಿ ಗುರುತು ಹೇಳದೆ ಸುಮ್ಮನಿತ್ತು.

"ಯಾರರೆ ಅದೀರೇನ್ರೀ?" ಎಂದು ಕೂಗಿದಳು. ಅವಳ ಕೂಗು ಬಯಲ ಮೇಲೆ ಹರಡಿ ಹೋಯಿತು. ಬಿಸಿಲು ನೆತ್ತಿಯ ಮೇಲಿದ್ದುದರಿಂದ ನೆರಳಿನಿಂದಲೂ ದಿಕ್ಕು ತಿಳಿಯದು. ಹೊರೆ ಇಳಿಸಿಟ್ಟು ದಾರಿ ಹುಡುಕುತ್ತ ಎಷ್ಟು ಹೊತ್ತು ಸುತ್ತಿದಳೋ ಅವಳಿಗೇ ಗೊತ್ತಿಲ್ಲ. ಒಂದು ಸಲ ತನ್ನದೇ ಹೊರೆ ಎಡವಿ ಬಿದ್ದಳು. ಅದನ್ನು ಬಿಟ್ಟು ಬಹಳ ದೂರ ಬಂದಿದ್ದೇನೆಂದು ತಿಳಿದಿದ್ದಳು.

ಬಿದ್ದಲ್ಲೇ ಕೂತಿದ್ದಾಗ ಸದ್ದು ಕೇಳಿತು. ಸರ್ರ್, ಸರ್ರ್. ನಾಲ್ಕೈದು ಕುಡುಗೋಲುಗಳು ಒಂದೇ ಲಯದಲ್ಲಿ ಒಣ ಹುಲ್ಲು ಕೊಯ್ಯುವ ಸದ್ದು. ಯಾರೋ ಕೇರಿಯ ಹೆಂಗಸರೆಂದು ಅವಳಿಗೆ ಜೀವ ಬಂತು. ಕೂಗಿದಳು. ಸದ್ದು ನಿಲ್ಲಲಿಲ್ಲ. ಅದರ ಬೆನ್ನು ಹತ್ತಿ ನಡೆದಳು. ನಡೆದಂತೆ ಕಹಿ ವಾಸನೆ ಹಿಂದೆ ಬಿತ್ತು. ಹಿಮ್ಮಡಿಗೆ ಏನೋ ಚುಚ್ಚಿತು. ಕರಡ! ಬಗ್ಗಿ ಸವರಿದಳು, ಹಂಚಿ ಸಿಕ್ಕಿತು. ಇನ್ನೆರಡು ಹೆಜ್ಜೆಗೆ ನಿಂಬೆಯ ವಾಸನೆ ಮುಖಕ್ಕೆ ಬಡಿಯಿತು. ಸೊಂಟದೆತ್ತರದ ಹುಲ್ಲಿನ ನಡುವೆ ಅವಳು ನಿಂತಿದ್ದಳು. ಕುಡುಗೋಲುಗಳು ಈಗ ಸುತ್ತಲೂ ಆಡುತ್ತಿದ್ದವು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಅಷ್ಟರಲ್ಲಿ ಬಲಗಡೆಯಿಂದ ಯಾರೋ ಕೆಮ್ಮಿದರು. ಒಣ ಕೆಮ್ಮು. ನಾಲ್ಕು ಹಿಡಿ ಕೊಯ್ದಷ್ಟು ಹೊತ್ತಾದ ಮೇಲೆ ಮತ್ತೊಮ್ಮೆ.

ಸಾವಕ್ಕ ಮೆಲ್ಲಗೆ ಕೂತುಕೊಂಡಳು. ಅಂಗೈ ಊರಿದಲ್ಲಿ ಮಣ್ಣು ಉದ್ದಕ್ಕೆ ಉಬ್ಬಿತ್ತು, ತಲೆಗೊಂದು ಕಲ್ಲಿತ್ತು.

ಶೇವಂತೆವ್ವ ಹುಡುಕಿಕೊಂಡು ಬಂದಾಗ ಬಿಸಿಲು ಇಳಿದಿತ್ತು. "ಅತ್ತೀ, ಸುಡಗಾಡಿನ್ಯಾಗ ಯಾಕ ಕುಂತೀರಿ? ಏಳ್ರಿ, ಏಳ್ರಿ!"

"ಅವರು ಹೋದ್ರೇನ?"

"ಯಾರು?"

"ಹುಲ್ಲು ಕೊಯ್ಯಾಕ ಬಂದಿದ್ದರಲ್ಲ."

ಶೇವಂತೆವ್ವ ಸುತ್ತ ನೋಡಿದಳು. ಸುಡುಗಾಡಿನ ಹುಲ್ಲಿನ ಒಂದು ಎಳೆಯನ್ನೂ ಯಾರೂ ಕೊಯ್ದಿರಲಿಲ್ಲ. ಕೇರಿಯವರು ತಮ್ಮವರನ್ನು ಹೂಳುವ ಆ ಜಾಗದಲ್ಲಿ ಯಾರೂ ಕುಡುಗೋಲು ಆಡಿಸುತ್ತಿರಲಿಲ್ಲ, ದನ ಬಿಡುತ್ತಿರಲಿಲ್ಲ. ಹೊಸ ಗಿಡವೂ ಅದರ ಅಂಚಿಗೆ ಬಂದು ನಿಂತಿತ್ತು. ಅವಳು ಅತ್ತೆಯ ಕೈ ಹಿಡಿದು ಎಳೆದುಕೊಂಡೇ ಬಂದಳು.

ಭಾನುವಾರ ಬಂದ ಗಿರಿಯಪ್ಪ ಎಲ್ಲ ಕೇಳಿ ನಕ್ಕ. ಆ ಮನೆಯವರು ಬುದ್ಧನ ದೀಕ್ಷೆ ತಗೊಂಡು ಹತ್ತು ವರ್ಷವಾಗಿತ್ತು. "ಯವ್ವಾ, ದೆವ್ವ ಗಿವ್ವ ಎಲ್ಲಾ ಬಿಟ್ಟೇವಲ್ಲ ನಾವು? ಒಣ ಹುಲ್ಲಿಗೆ ಗಾಳಿ ಬೀಸಿದ್ರ ಹಂಗ ಸಪ್ಪಳಾ ಆಕ್ಕೈತಿ."

"ಹೌದಪ, ಗಾಳಿ ಇರಬೇಕು" ಎಂದಳು ಸಾವಕ್ಕ. ಕೆಮ್ಮಿನ ಮಾತು ಅವನಿಗೆ ಹೇಳಿರಲಿಲ್ಲ.

ಮರುದಿನ ಅವಳು ತಾನಾಗಿಯೇ ಸೊಸೆಯ ಹೆಗಲು ಹಿಡಿದು ಸುಡುಗಾಡಿಗೆ ಹೋದಳು. ಕುಡುಗೋಲು ಒಯ್ಯಲಿಲ್ಲ. ಮಾಗಿದ ತೆನೆಗಳನ್ನು ಬರಿಗೈಯಿಂದ ಸವರಿ ಬೀಜ ಉಡಿಗೆ ತುಂಬಿಕೊಂಡಳು. ಒಂದೊಂದು ಹುಲ್ಲಿನದೂ ಒಂದೊಂದು ಹಿಡಿ. ತಂದು ಮೊರದಲ್ಲಿ ಹಾಕಿ ಬಾಗಿಲ ಪಕ್ಕಕ್ಕಿಟ್ಟಳು. ಬೆಳಿಗ್ಗೆ ಧಾರವಾಡದ ಮಂಜು ಒಳಗೆ ನುಗ್ಗಿತ್ತು. ಒಲೆ ಹೊತ್ತಿಸಲು ಎದ್ದ ಶೇವಂತೆವ್ವ ಚೀರಿದಳು.

"ಅತ್ತೀ! ಇವು ಹರದಾಡಾಕತ್ತಾವ!"

ಕರಡದ ಬೀಜಕ್ಕೆ ಉದ್ದನೆಯ ಕರಿ ಮೀಸೆ. ಮೊರದ ತುಂಬ ಆ ಮೀಸೆಗಳು ಒಂದನ್ನೊಂದು ತಬ್ಬಿ, ಬಿಚ್ಚಿ, ಮೆಲ್ಲಗೆ ತಿರುಗುತ್ತಿದ್ದವು. ಕೆಲವು ಅಂಚು ದಾಟಿ ನೆಲಕ್ಕೆ ಬಿದ್ದು, ಅಲ್ಲಿಯೂ ಹೊರಳುತ್ತಿದ್ದವು.

"ಅಂಜಬ್ಯಾಡ" ಎಂದಳು ಸಾವಕ್ಕ. "ಹಸಿ ಹತ್ತಿತಂದ್ರ ಅವು ಹಿಂಗ. ಮಣ್ಣು ಹುಡುಕತಾವ. ನಮ್ಮ ಅತ್ತಿ ತೋರಿಸಿದ್ಲು ನನಗ." ಶೇವಂತೆವ್ವ ಆ ದಿನವೆಲ್ಲ ಬಾಗಿಲಿನತ್ತ ಬೆನ್ನು ಮಾಡಲಿಲ್ಲ.

ಮುಂಗಾರಿಗೆ ಮೊದಲೇ ಸಾವಕ್ಕ ಸುಡುಗಾಡಿಗೆ ಹೊಂದಿಕೊಂಡ ಇಳಿಜಾರಿನಲ್ಲಿ ಕೂತಲ್ಲೇ ಸರಿಯುತ್ತ ಆ ಬಿಳಿ ಹೂವಿನ ಗಿಡವನ್ನು ಬೇರುಸಹಿತ ಕಿತ್ತಳು. ಅಂಗೈ ಬಾತು ಬೊಕ್ಕೆ ಎದ್ದವು, ಕುತ್ತಿಗೆ ತುರಿಸಿ ಗಾಯವಾಯಿತು. ಬಟ್ಟೆ ಸುತ್ತಿಕೊಂಡು ಮತ್ತೆ ಕಿತ್ತಳು. ಖಾಲಿಯಾದ ನೆಲಕ್ಕೆ ಬೀಜ ಚೆಲ್ಲಿದಳು. ಸುದ್ದಿ ಊರೊಳಗೆ ಹೋಯಿತು. ಹೆಣದ ಹುಲ್ಲು ತರುತ್ತಾಳೆಂದು ಟಾಂಗಾದವರು ಅವಳ ಹೊರೆ ಬೇಡವೆಂದರು. ಸುಡುಗಾಡಿನ ಒಂದೆಳೆಯನ್ನೂ ಅವಳು ಕೊಯ್ದಿರಲಿಲ್ಲ, ಆದರೆ ಕೇಳುವವರು ಯಾರು? ಕೇರಿಯ ಹಿರಿಯ ಹುಚ್ಚಪ್ಪ ಮನೆಗೆ ಬಂದು, "ಸತ್ತವರ ನಿದ್ದಿ ಕೆಡಸಬ್ಯಾಡ, ಸಾವಕ್ಕ" ಎಂದ.

"ಅವರು ನಿದ್ದಿ ಮಾಡಾಕತ್ತಿಲ್ಲ, ಅಣ್ಣಾ" ಎಂದಳು ಅವಳು. ಹುಚ್ಚಪ್ಪ ಅವಳ ಮುಖ ನೋಡಿ ಎದ್ದು ಹೋದ, ಮತ್ತೆ ಬರಲಿಲ್ಲ.

ಲಾಲಬಿ ಮಾತ್ರ ಕೈಬಿಡಲಿಲ್ಲ. "ನಮ್ಮ ಕುದರಿಗಿ ಹೆಣಾನೂ ಗೊತ್ತಿಲ್ಲ, ಜಾತಿನೂ ಗೊತ್ತಿಲ್ಲ. ನೀ ತಾರವಾ" ಎಂದಳು. ಆ ಮಳೆಗಾಲ ಮೊಳಕೆ ತೆಳುವಾಗಿ ಬಂತು, ಅರ್ಧಕ್ಕರ್ಧ ಒಣಗಿತು. ಮರುವರ್ಷ ಸಾವಕ್ಕ ಮತ್ತೆ ಕಿತ್ತಳು, ಮತ್ತೆ ಚೆಲ್ಲಿದಳು. ಹೂ ಬಿಡುವ ಮೊದಲೇ ಕೀಳಬೇಕೆಂದು ಶೇವಂತೆವ್ವ ಲೆಕ್ಕ ಹಿಡಿದು, ಅತ್ತೆಯ ಜತೆ ತಾನೂ ಬಾಗಿದಳು. ಗುಡಿಸಲಿನ ಅಂಗಳದಷ್ಟು ಜಾಗದಲ್ಲಿ ಕರಡ ಗಟ್ಟಿಯಾಗಿ ನಿಂತಿತು, ಅದರ ಬುಡದಲ್ಲಿ ತುಂಬಿ ಸೊಪ್ಪು ಬಂತು. ಉಳಿದ ಗಾಯರಾಣವೆಲ್ಲ ಬೆಳ್ಳಗೇ ಇತ್ತು.

ಒಂದು ಮಧ್ಯಾಹ್ನ ಸಾವಕ್ಕ ಆ ಹುಲ್ಲಿನ ನಡುವೆ ಕೂತು ಒಂದೊಂದನ್ನೇ ಮುಟ್ಟಿ ಸೊಸೆಗೆ ಹೆಸರು ಹೇಳಿಕೊಡುತ್ತಿದ್ದಳು. ಒಂದು ಸಣ್ಣ ಗಿಡದ ಮೇಲೆ ಅವಳ ಬೆರಳು ನಿಂತಿತು. ಎಲೆ ಸವರಿದಳು, ಮೂಸಿದಳು, ನಾಲಗೆಗೆ ತಾಗಿಸಿದಳು.

"ಯಾವುದರಿ ಅದು?" ಎಂದಳು ಶೇವಂತೆವ್ವ. ಬೂದಿ ಬಣ್ಣದ ಎಲೆಗಳು, ನಡುವೆ ಕಣ್ಣಿನಷ್ಟು ಕಪ್ಪು ಹೂವು. ಸುತ್ತಲಿನ ಹುಲ್ಲೆಲ್ಲ ಗಾಳಿಗೆ ಓಲಾಡುತ್ತಿದ್ದರೂ ಅದು ಅಲುಗುತ್ತಿರಲಿಲ್ಲ. "ನಾವು ಇದನ್ನ ಚೆಲ್ಲಿದ್ವೇನ್ರಿ?"

"ಇಲ್ಲ. ನಮ್ಮ ಅತ್ತೀನೂ ಇದರ ಹೆಸರು ಹೇಳಿಲ್ಲ" ಎಂದಳು ಸಾವಕ್ಕ, ಇನ್ನೊಮ್ಮೆ ಎಲೆ ಸವರಿ.

"ಕಿತ್ತ ಬಿಡ್ಲೇನ್ರಿ? ನೋಡಿದ್ರ ಎದಿ ಝಲ್ ಅಂತೈತಿ."

"ಬ್ಯಾಡ. ಹೆಸರು ಗೊತ್ತಿಲ್ಲಂತ ಯಾರನ್ನೂ ಕೀಳಬಾರದು."

ಶೇವಂತೆವ್ವ ಹಳ್ಳದಿಂದ ನಾಲ್ಕು ಕಲ್ಲು ಆರಿಸಿ ತಂದು, ಕಾಲಿಗೆ ಸಿಗದಂತೆ ಆ ಗಿಡದ ಸುತ್ತ ಇಟ್ಟಳು.